ಒಂದೇ ಒತ್ತು

ವಾಷಿಂಗ್ಟನ್ನಿನ ಕೋರ್ಟಿನಲ್ಲಿ
ಶೀಘ್ರಲಿಪಿಗಾರ್ತಿ ಲವೀನಿಯಾ ಪ್ರೂಯಿಟ್‌ಳ ಯಂತ್ರಕ್ಕೆ
‘ನೆನಪಿಲ್ಲ’ ಎನ್ನಲು ಒಂದೇ ಒತ್ತು.
ನಮ್ಮ ಲಿಪಿಯಲ್ಲೂ ಅಷ್ಟೇ, ನೋಡಿ.
ಹೆಚ್ಚು ಬರುವ ಮಾತಿಗೆ ಕಡಿಮೆ ಬೆರಳು,
ಮೂವತ್ತೊಂದು ವರ್ಷದ ಕಸುಬು ಕಲಿಸಿದ್ದು.

ಇಂದು ಊಟದ ಬಿಡುವಿನೊಳಗೆ ಎಂಬತ್ತೇಳು ಸಲ.
ಸಾಕ್ಷಿ ಇನ್ನೂ ಹುಡುಗ, ಟೈ ಹೊಸದು,
ಲೋಟ ಎತ್ತುತ್ತಾನೆ, ಕುಡಿಯುವುದಿಲ್ಲ.

‘ಅಧ್ಯಕ್ಷ’ರಿಗೂ ಅವಳಲ್ಲಿ ಒಂದೇ ಒತ್ತು.
ಐವರು ಬಂದುಹೋದರು; ಬದಲಿಸಲಿಲ್ಲ.
ಮಧ್ಯಾಹ್ನ ಅದೇ ತಕರಾರು:
ತನಿಖೆ ನಿಲ್ಲಿಸಿ ಎಂದು ಆ ರಾತ್ರಿ ಫೋನಿನಲ್ಲಿ ಹೇಳಿದ್ದು
ಕುರ್ಚಿಯೋ, ಕುರ್ಚಿಯಲ್ಲಿದ್ದ ಮನುಷ್ಯನೋ?
ಕುರ್ಚಿಯಾದರೆ ಯಾರೂ ಕೇಳುವಂತಿಲ್ಲ, ಎಂದರು ಒಂದು ಕಡೆಯವರು.
ಕುರ್ಚಿಗೆ ಬಾಯೆಲ್ಲಿಯದು, ಎಂದಳು
ಸರ್ಕಾರಿ ವಕೀಲೆ, ಸೀನು ತಡೆದುಕೊಳ್ಳುತ್ತ.
ಯಂತ್ರಕ್ಕೆ ಎರಡೂ ಒಂದೇ.

ಆ ಮಾತು ಕಡತದಿಂದ ತೆಗೆಯಿರಿ, ಎಂದರು ನ್ಯಾಯಾಧೀಶರು.
ತೆಗೆಯಿರಿ ಎಂದದ್ದನ್ನೂ ಬರೆದಳು;
ತೆಗೆಯಬೇಕಾದದ್ದು ಮೇಲಿನ ಸಾಲಿನಲ್ಲಿ ಹಾಗೇ ಇತ್ತು.

ನಾಲ್ಕೂ ಹತ್ತಕ್ಕೆ ಅದೇ ಪ್ರಶ್ನೆ ಹುಡುಗನಿಗೆ.
ನೆನಪಿಲ್ಲ ಎನ್ನಲಿಲ್ಲ ಅವನು. ಏನೂ ಎನ್ನಲಿಲ್ಲ.
ಹೊರಗೆ ಟ್ರಕ್ಕೊಂದು ಹಿಂದಕ್ಕೆ ಸರಿಯುವ ಕೀಂ ಕೀಂ.
ಬೆರಳುಗಳು ಗಾಳಿಯಲ್ಲೇ ನಿಂತವು.
ಮೌನಕ್ಕೆ ಅವಳ ಬಳಿ ಒತ್ತಿಲ್ಲ:
ಉತ್ತರ ಬರಲಿಲ್ಲ ಎಂದು
ಅಕ್ಷರ ಅಕ್ಷರ ಜೋಡಿಸಿ ಬರೆದಳು.