ಕಾವು

ಕೊಯ್ಲಿನ ಹಬ್ಬದ ರವಿವಾರ.
ಬಲಿಪೀಠದ ಮುಂದ ಕಾಣಿಕಿ ಗುಂಪಿ ಬಿದ್ದಿತ್ತು:
ಜ್ವಾಳದ ತೆನಿ, ಹೀರಿಕಾಯಿ, ಎರಡು ಚೀಲ ಉಳ್ಳಾಗಡ್ಡಿ,
ಯಾರೋ ತಂದಿಟ್ಟ ಹೊಸಾ ಕುಕ್ಕರು,
ನಮ್ಮ ಮಗ್ಗದ್ದೊಂದು ಖಣ.
ಅದರ ಅಂಚಿನ್ಯಾಗ ಒಂದು ಎಳಿ ತಪ್ಪಿತ್ತು.
ಅದಕ್ಕ ಕೊಟ್ಟಿದ್ದೆ.

ಗುಳೇದಗುಡ್ಡದ ಸಭೆಗೆ ನಾನು ಖಜಾಂಚಿ, ಇಪ್ಪತ್ತೆರಡು ವರ್ಷಾತು.
ಹುಡುಗೂರು ಗದ್ದಲ ಹಾಕಿದರ
ಲೆಕ್ಕದ ಬುಕ್ಕಿನ ಮ್ಯಾಲ ಪೆನ್ನು ಕುಟ್ಟತೀನಿ, ಎರಡ ಸಲ.
ಚಾಪಿ ಮ್ಯಾಲಿನ ಸಾಲು ಗಪ್ಪಾಗತೈತಿ.

ಪ್ರಭುದಾಸ ಮಾಸ್ತರ ಹರಾಜು ಕೂಗತಿದ್ದರು.
ಕುಕ್ಕರು ಹೋತು, ಉಳ್ಳಾಗಡ್ಡಿ ಹೋತು.
ಆಮ್ಯಾಲ ಉಣ್ಣಿ ಟೊಪಗಿಯೊಳಗ ಕೈ ಹಾಕಿ
ಒಂದು ತತ್ತಿ ಎತ್ತಿ ಹಿಡದರು:
‘ಜವಾರಿ ತತ್ತಿ! ಐದು ರೂಪಾಯಿ! ಐದು ಒಂದನೇ ಸಲ...’

‘ಮಾರಬ್ಯಾಡ್ರಿ.’

ಸಮಾಧಾನವ್ವನ ಮೊಮ್ಮಗಳು, ತಬಿಥಾ.
ಎರಡನೇತ್ತೆ ಇರಬೇಕು. ಒಂದ ಕಾಲಾಗ ಚಪ್ಪಲಿ.
‘ಅದು ಮಾರಾಕ ತಂದದ್ದಲ್ಲ. ಕಾವಿಗೆ ಇಟ್ಟದ್ದು.’

ಗುರುವಾರ ರಾತ್ರಿ ಮುಂಗಲಿ ಬಂದು ಹ್ಯಾಟಿನ್ನ ಒಯ್ತಂತ.
ಬುಟ್ಟ್ಯಾಗ ಉಳದದ್ದು ಐದು ತತ್ತಿ.
ನಾಕು ಒಡದು ನೋಡಿ ಚೆಲ್ಲಿದಳಂತ ಅಜ್ಜಿ.
ಐದನೇದ್ದು ಇಕಿ ಟೊಪಗ್ಯಾಗ ಮುಚ್ಚಿಟ್ಟಾಳ.
‘ಹ್ವಾದ ವಾರ ಅಯ್ಯನವರು ಓದಿದರಲ್ಲರಿ,
ಹ್ಯಾಟಿ ರೆಕ್ಕಿ ಬಿಚ್ಚಿ ಪಿಳ್ಳಿ ಕರದಂಗ
ನಾನೂ ಕರದೆ, ನೀವ ಬರಲಿಲ್ಲ ಅಂತ.
ಹಂಗಾರ ಅವಗ ಕಾವು ಕುಂದ್ರೂದು ಗೊತ್ತೈತಿ.’

ಎಲ್ಲಾರೂ ನಕ್ಕರು.
ಅಯ್ಯನವರು ಕನ್ನಡಕ ತಗದು ಒರಸತಾ ನಿಂತರು,
ಭಾಳ ಹೊತ್ತು ಒರಸಿದರು.
ನಾನು ಪೆನ್ನು ಕುಟ್ಟಿದೆ. ಎರಡ ಸಲ.
ಆಕಿ ಗಪ್ಪಾದಳು. ಗಪ್ಪಾದಳು, ಖರೆ,
ಆದರ ಕುಂದ್ರಲಿಲ್ಲ.

ಸಂಜಿಮುಂದ ಕೀಲಿ ಹಾಕಾಕ ಹ್ವಾದೆ.
ಕೆಂಪು ಕಲ್ಲಿನ ಗ್ವಾಡಿ ಹಗಲಿನ ಬಿಸಲು ಇನ್ನೂ ಬಿಡತಿತ್ತು.
ಬಲಿಪೀಠದ ಹಾಸು ಒಂದ ಕಡೆ ಉಬ್ಬಿತ್ತು.
ಕೈ ಹಾಕಿದೆ. ಟೊಪಗಿ. ಟೊಪಗಿಯೊಳಗ ತತ್ತಿ,
ಬೆಚ್ಚಗ.
ಬಿಸಲಿನ ಕಾವು, ಮತ್ತೇನಿಲ್ಲ,
ಅಂತ ನನಗ ನಾನ ಹೇಳಿಕೊಂಡೆ.

ಪಾವಟಗಿ ಮ್ಯಾಲ ಆಕಿ ಕುಂತಿದ್ದಳು.
‘ಕೀಲಿ ಹಾಕ್ರಿ ಅಜ್ಜಾರ, ಬೆಕ್ಕು ಬರತೈತಿ.’
ಮತ್ತ ತುಸು ತಡದು:
‘ಹ್ಯಾಟಿ ದಿನಕ್ಕೊಮ್ಮಿ ಎದ್ದು ಉಣ್ಣಾಕ ಹೋಗತೈತಿ.
ದೇವರು ಎದ್ದಾಗ ಯಾರು ಕುಂದರ್ತಾರು?’

ಅರವತ್ತೇಳು ವರ್ಷ. ವಚನ ಬಾಯಿಪಾಠ,
ಅಧ್ಯಾಯದ ನಂಬರ ಸಮೇತ.
ಈ ಪ್ರಶ್ನಿಗೆ ನಂಬರ ಸಿಗಲಿಲ್ಲ.

ಮನಿಗೆ ತಂದೆ.
ಮಗ್ಗದ ಕುಣಿಯಾಗ ಹತ್ತಿ ಹಾಸಿ,
ಹರಕ ಖಣ ಹೊಚ್ಚಿ, ನಲವತ್ತರ ಬಲ್ಬು ಇಳಿಬಿಟ್ಟೆ.
‘ಖಜಾಂಚಿ ಸಾಹೇಬರು ಕಾವಿಗೆ ಕುಂತರು’ ಅಂದಳು ಹೆಂಡತಿ.
ರಾತ್ರಿ ಕರೆಂಟು ಹ್ವಾದರ ಅಂಗಿಯೊಳಗ ಇಟಗೊಂಡು
ಮಗ್ಗಲಾ ಬದಲಸದ ಬೆಳತನಕ ಮಲಗಿದೆ.

ಐದನೇ ದಿನ ಬಲ್ಬಿಗೆ ಹಿಡದು ನೋಡಿದೆ.
ಒಳಗ ಕೆಂಪಂದೊಂದು ಎಳಿ.
ಕೂದಲಿಗಿಂತ ಸಣ್ಣದು.
ಯಾವ ಮಗ್ಗದಾಗೂ ನಾನು ಅಂಥಾ ನೂಲು ಕಂಡಿಲ್ಲ.
ತಪ್ಪಿದ ಎಳಿಯ ಖಣ ನೆಪ್ಪಾತು.
ಮರುದಿನ ಹೊಸಾ ಹಾಸು ಹೂಡಿದೆ.

ಇವತ್ತಿಗೆ ಒಂಬತ್ತು ದಿನ.
ಒಳಗ ಸಪ್ಪಳಿಲ್ಲ. ಏನಾಕ್ಕೈತೋ ಗೊತ್ತಿಲ್ಲ.
ಲೆಕ್ಕದ ಬುಕ್ಕಿನ್ಯಾಗ ‘ತತ್ತಿ, ಒಂದು’ ಅಂತ ಬರದ
ಸಾಲಿನ ಮುಂದ ರೊಕ್ಕದ ಮನಿ ಖಾಲಿ ಬಿಟ್ಟೀನಿ.
ಆಡಿಟ್ಟಿನವರು ಕೇಳತಾರ.

ಸಾಲಿ ಬಿಟ್ಟ ಕೂಡಲೆ ಬಂದಳು,
ಪಾಟೀಚೀಲ ಬಾಗಲದಾಗ ಒಗದು,
ಕುಣಿಯಾಗ ಕಾಲು ಇಳಿಬಿಟ್ಟು ನನ್ನ ಮಗ್ಗಲಕ್ಕ ಕುಂತು,
ತತ್ತಿನ್ನ ಅಲ್ಲ, ನನ್ನ ಮಾರಿ ನೋಡಿದಳು.
‘ಉಂಡ್ರೇನು ಅಜ್ಜಾರ?’

ಇಲ್ಲವಾ ಅಂದೆ.

‘ಹೋಗ್ರಿ, ಉಂಡು ಬರ್ರಿ.
ಅಲ್ಲಿಮಟ ನಾ ಕುಂದರ್ತೀನಿ.’