ಇರಲೋ, ಬೇಡವೋ

ಮೋನ್ ದ್ವೀಪದ ಪುಟ್ಟ ಮ್ಯೂಸಿಯಮ್ಮಿನಲ್ಲಿ
ಗುರುವಾರ ಮಧ್ಯಾಹ್ನ ಎರಡರಿಂದ ನಾಲ್ಕು
ನನಗೊಂದು ಮೇಜು, ಒಂದು ಭೂತಗನ್ನಡಿ,
ಮಣ್ಣು ಒರೆಸಲು ಹಳೆಯ ಟವೆಲು.
ಹಿತ್ತಿಲಲ್ಲಿ ಸಿಕ್ಕಿದ್ದನ್ನು ಜನ ತರುತ್ತಾರೆ,
ಇದೇನು ಎಂದು ನಾನು ಹೇಳಬೇಕು.

ಹತ್ತರಲ್ಲಿ ಒಂಬತ್ತು ಬರೀ ಕಲ್ಲು.
ಉಲ್ಕೆಯೆಂದು ಹತ್ತಿಯಲ್ಲಿ ಸುತ್ತಿ ತಂದದ್ದು
ಕುಲುಮೆಯ ಕಿಟ್ಟ.
ಡೈನೋಸಾರಿನ ಬೆರಳೆಂದದ್ದು
ಯಾರದೋ ಭಾನುವಾರದ ಹಂದಿಮೂಳೆ.
ಹೇಳುವಾಗ ಮುಖ ನೋಡುವುದಿಲ್ಲ ನಾನು,
ಟವೆಲು ಮಡಚುತ್ತಿರುತ್ತೇನೆ.

ಇಂಗರ್ಲೀಸ ಹೆಸರು ಕೇಳಲು ಬರುವವಳಲ್ಲ.
ಮೂವತ್ತು ವರ್ಷ ದೋಣಿಕಟ್ಟೆಯಲ್ಲಿ ಟಿಕೆಟು ಹರಿದ ಕೈ
ಐಸ್‌ಕ್ರೀಮಿನ ಖಾಲಿ ಡಬ್ಬ ಮೇಜಿಗಿಟ್ಟು
ಮುಚ್ಚಳ ತೆಗೆಯುವ ಮೊದಲೇ ಕೇಳುತ್ತದೆ:
ಇರಲೋ, ಬೇಡವೋ?

ಮೊದಲ ಸಲ, ಸೇಬಿನ ಮರದಡಿಯ ಬೂದು ಉಂಡೆ.
ಟೊರ್ಕಿಲ್‌ನ ಬೆಕ್ಕಿನ ಕೆಲಸವೆಂದು ಅವಳ ಗುಮಾನಿ.
ಚಿಮಟದಲ್ಲಿ ಬಿಡಿಸಿದೆ. ತುಪ್ಪಳ, ತುಪ್ಪಳ,
ಆಮೇಲೆ ಅಕ್ಕಿಕಾಳಿನಷ್ಟು ದವಡೆ,
ಅದರಲ್ಲಿ ಕಿತ್ತಳೆ ಬಣ್ಣದ ಹಲ್ಲು.
ಗೂಬೆ ಕಾರಿದ್ದು ಇದು, ಎಂದೆ,
ಮೂರು ಇಲಿಗಳ ಲೆಕ್ಕ ಒಂದೇ ರಸೀದಿಯಲ್ಲಿ.
ರಸೀದಿ ಎಂದದ್ದಕ್ಕೆ ನಕ್ಕಳು.
ಇರಲಿ, ಎಂದಳು. ಯಾವುದು, ಉಂಡೆಯೋ ಗೂಬೆಯೋ,
ಕೇಳಲಿಲ್ಲ ನಾನು.

ಮುಂದಿನ ಗುರುವಾರ ನನಗೆ ಜ್ವರ.
ಬೇಲಿಯ ಬುಡದಲ್ಲಿ ಸಿಕ್ಕ ಮೆತ್ತನೆ ಬಿಳಿ ಮೊಟ್ಟೆಯನ್ನು
ಹಾವಿನದೋ ಏನೋ, ಪಾಪ, ಚಳಿ, ಎಂದು
ಅಡುಗೆಮನೆಯ ಕಿಟಕಿಯಲ್ಲಿ
ಉಣ್ಣೆಯ ಕಾಲುಚೀಲದೊಳಗೆ ಮಲಗಿಸಿದ್ದಾಳೆ.
ಎರಡನೆಯ ಬೆಳಗ್ಗೆ ಮರಿಯಾಯಿತು:
ಗೇಣುದ್ದದ ನಾಯಿಕೊಡೆ, ನೆತ್ತಿಯಲ್ಲಿ ಹಸಿರು ಲೋಳೆ,
ಊರಿನ ನೊಣಕ್ಕೆಲ್ಲ ಕರೆಯೋಲೆ.
ಫೋನಿನಲ್ಲಿ ನಾತ ಬರುವುದಿಲ್ಲ ನಿಜ,
ಮೂಗು ಹಿಡಿದವಳ ದನಿ ಬಂತು.
ಬೇಡ, ಎಂದೆವು ಇಬ್ಬರೂ ಒಟ್ಟಿಗೆ.
ಮಾಟಗಾತಿಯ ಮೊಟ್ಟೆ, ನಾನು ಹೇಳಿರಲಿಲ್ಲವೇ,
ಎಂದು ಹಿಂದಿನಿಂದ ಟೊರ್ಕಿಲ್.
ಹೇಳಿರಲಿಲ್ಲವಂತೆ.

ಮಂಜು ಬಿದ್ದ ಮಾರನೆಯ ದಿನ
ಡಬ್ಬದಲ್ಲಿ ಒಂದು ಹಿಡಿ ತಿಳಿ ಲೋಳೆ.
ಹುಲ್ಲಿನ ಮೇಲಿತ್ತು, ಇರುಳು ಇರಲಿಲ್ಲ.
ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಲ್ಲ.
ಕೊಕ್ಕರೆ ಉಗುಳಿದ ಕಪ್ಪೆಯ ಒಳಗು ಎಂದಿತು ಒಂದು ಪುಸ್ತಕ,
ಪಾಚಿ ಎಂದಿತು ಇನ್ನೊಂದು,
ಆಕಾಶ ಸೀನಿದ್ದು ಎಂದ ಟೊರ್ಕಿಲ್.
ನಾಲ್ಕು ಗಂಟೆಗೆ ಚೀಟಿಯಲ್ಲಿ ಬರೆದುಕೊಟ್ಟೆ: ಗೊತ್ತಿಲ್ಲ.
ಇದೊಂದು ಚೀಟಿಯನ್ನು ಅವಳು
ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಕೊನೆಯದು ಮಣ್ಣಿನಲ್ಲಿ ಸಿಕ್ಕಿದ್ದಲ್ಲ.
ಹಿತ್ತಿಲ ಕೊಟ್ಟಿಗೆಯ ಗೋಡೆ ಕುಸಿದಾಗ
ಬಾಗಿಲ ಮೇಲಿನ ಇಟ್ಟಿಗೆ ಸಂದಿಯಿಂದ
ಅವಳ ಪಾದದ ಬಳಿ ಉರುಳಿತು.
ಬನ್ನಿನಾಕಾರ, ಬನ್ನಿನಷ್ಟೇ ದೊಡ್ಡದು,
ಬೆನ್ನ ಮೇಲೆ ಐದು ಸಾಲು ಚುಕ್ಕಿ,
ಯಾರೋ ಕೂತು ಸೂಜಿಯಲ್ಲಿ ಚುಚ್ಚಿದ ಹಾಗೆ.

ನನ್ನ ದನಿ ತಾನಾಗಿ ಏರಿತು.
ಇದು ಕಡಲ ಜೀವಿ, ಇಂಗರ್ಲೀಸ,
ಈ ದ್ವೀಪವೇ ಇಲ್ಲದ ಕಾಲದಲ್ಲಿ
ಸುಣ್ಣದ ಕೆಸರಿನಲ್ಲಿ ಹೂತು, ಮುಳ್ಳು ಉದುರಿ,
ಒಳಗೆಲ್ಲ ಚಕಮಕಿ ತುಂಬಿ ಕಲ್ಲಾದದ್ದು.
ಹಳಬರು ಸಿಡಿಲ ಕಲ್ಲೆಂದರು.
ಇದ್ದ ಮನೆಗೆ ಸಿಡಿಲು ಬಡಿಯದೆಂಬ ನಂಬಿಕೆ,
ಅದಕ್ಕೇ ಯಾರೋ ಬಾಗಿಲ ಮೇಲೆ ಹುದುಗಿಸಿದ್ದಾರೆ.
ನಂಬಿಕೆ ಅಷ್ಟೇ, ಎಂದು ಸೇರಿಸಿದೆ.

ಬಡಿದಿಲ್ಲ, ಎಂದಳು ಅವಳು.
ಕೊಟ್ಟಿಗೆಗೆ ನೂರು ದಾಟಿರಬೇಕು. ಬಡಿದಿಲ್ಲ.
ಎದುರಿನ ಚರ್ಚಿಗೆ ಎರಡು ಸಲ.
ಕಲ್ಲನ್ನು ಡಬ್ಬಕ್ಕೆ ಹಾಕಲಿಲ್ಲ,
ಕೋಟಿನ ಜೇಬಿಗಿಳಿಸಿದಳು, ಒಂದು ಬದಿ ಜೋತಿತು ಕೋಟು.
ಈ ಸಲ ಕೇಳಲಿಲ್ಲ, ಇರಲೋ ಬೇಡವೋ.

ಆಗಸ್ಟಿನ ಒಂದು ಇರುಳು ಕಡಲ ಕಡೆಯಿಂದ ಗುಡುಗು.
ನಮ್ಮ ಮನೆಯ ಡ್ರಾಯರಿನಲ್ಲಿ ಅಂಥವು ಹನ್ನೊಂದಿವೆ,
ಲ್ಯಾಟಿನ್ ಹೆಸರು, ಸಿಕ್ಕ ಜಾಗ, ತಾರೀಖು,
ಎಲ್ಲಕ್ಕೂ ಸಣ್ಣಕ್ಷರದ ಚೀಟಿ ಅಂಟಿಸಿದವನು ನಾನೇ.
ದೀಪ ಹಾಕದೆ ಎದ್ದೆ.
ಕೈಗೆ ಸಿಕ್ಕ ಒಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ,
ಚೀಟಿಯಿದ್ದ ಬದಿ ಕೆಳಗೆ.