ಒಳಜೇಬು

ಬಳ್ಳಾರಿಯ ಕೌಲ್ ಬಜಾರಿನ ಆ ಸಂದಿಯಲ್ಲಿ
ಚರಂಡಿ ಕೂಡ ನೀಲಿ.
ಏಳು ದಿನದ ಶಿಬಿರಕ್ಕೆ ಬಂದ ನಾವು,
ಎದೆಗೆ ಬ್ಯಾಡ್ಜು ಚುಚ್ಚಿಕೊಂಡ ಇಪ್ಪತ್ತೆರಡು ಮಂದಿ,
ಮೊದಲು ಅದರ ಫೋಟೋ ತೆಗೆದೆವು.

"ಚರಂಡಿ ಆಮ್ಯಾಲೆ ನೋಡೀರಂತ,
ಒಳಗ ಬರ್ರಿ, ಬಿಸಿಲೈತಿ"
ಅಂದವನು ಎರ್ರಿಸ್ವಾಮಿ.
ಮೊಣಕೈತನಕ ನೀಲಿ,
ಉಗುರಿನ ಬುಡದಲ್ಲಿ ಇನ್ನೂ ಕಡುನೀಲಿ,
ಹಬ್ಬದ ಎಣ್ಣೆನೀರಿಗೂ ಬಿಡದ ಬಣ್ಣ.
ಹತ್ತಕ್ಕೇ ಸಾಲಿ ಬಿಟ್ಟವನು,
ನನಗಿಂತ ಒಂದೇ ವರ್ಷ ದೊಡ್ಡವನು.

ಯೋಜನೆ ನಮ್ಮದು:
ಜೀನ್ಸು ಕತ್ತರಿಸಿ ಉಳಿದ ಚೂರುಗಳಿಂದ
ಸರ್ಕಾರಿ ಶಾಲೆಯ ಮಕ್ಕಳಿಗೆ ಚೀಲ.
ನೂರಾ ನಲವತ್ತು ಚೀಲ, ಏಳು ದಿನ,
ಭಾಗಿಸಿದರೆ ದಿನಕ್ಕೆ ಇಪ್ಪತ್ತು.
ಕಾಗದದಲ್ಲಿ ಶೇಷವೇ ಉಳಿಯಲಿಲ್ಲ.

ಸೂಜಿಗೆ ಭಾಗಾಕಾರ ಬರುವುದಿಲ್ಲ.
ಮೊದಲ ಮಧ್ಯಾಹ್ನವೇ ನಾನು ಆರು ಮುರಿದೆ.
ನಾಲ್ಕು ಪದರ ಕೂಡುವಲ್ಲಿ ಟಕ್ ಅನ್ನುವುದು,
ಬಾಗಿಲ ಬಳಿ ಕೂತ ಪಂಪನಗೌಡ ಸರ್
ಪೇಪರಿನಿಂದ ತಲೆ ಎತ್ತುವುದು.

"ದಬ್ಬಬ್ಯಾಡ್ರಿ ಮೇಡಂ.
ದಪ್ಪ ಬಂತಂದ್ರ ಪೆಡಲ್ ಮ್ಯಾಲಿಂದ ಕಾಲು ತಗೀರಿ.
ಕೈಲೆ ಚಕ್ರ ತಿರುವ್ರಿ, ಒಂದು, ಎರಡು...
ದಾಟಿತಲ್ಲ? ಈಗ ಓಡಸ್ರಿ."

ಸಂಜೆ ಏಳಕ್ಕೆ ಅವರ ಪಾಳಿ ಮುಗಿಯುತ್ತಿತ್ತು,
ನಮ್ಮ ಚೀಲ ಶುರುವಾಗುತ್ತಿತ್ತು.
ನಾಲ್ಕನೇ ರಾತ್ರಿ ಕರೆಂಟು ಹೋದಾಗ
ಮಾಳಿಗೆ ಮೇಲೆ ವಗ್ಗರಣಿ, ಮಿರ್ಚಿ,
ಕತ್ತಲಲ್ಲಿ ಕೋಟೆಗುಡ್ಡ ಇನ್ನಷ್ಟು ಕತ್ತಲಾಗಿ ಕೂತಿತ್ತು.
ತಿಪ್ಪೇರುದ್ರ ಬಾಯಲ್ಲೇ ಲೆಕ್ಕ ಹಾಕಿದ:
ಒಂದು ಪ್ಯಾಂಟಿಗೆ ಇಷ್ಟು, ಮೂರು ತಾಸಿಗೆ ಇಷ್ಟು,
ಇವರು ದಿನಾ ಕಳಕೊಳ್ಳುವುದು ಇಷ್ಟು.
ಅವನ ಕೈಯಿಂದ ಮಿರ್ಚಿ ಕಸಿದುಕೊಂಡು
ಹೊನ್ನೂರಬಿ ಅಂದಳು,
"ಲೆಕ್ಕ ಮಾಡೋರಿಗೆ ಮಿರ್ಚಿ ಇಲ್ಲ."

ಆ ಹೊನ್ನೂರಬಿಯೇ
ಪ್ರತಿ ಚೀಲಕ್ಕೂ ಒಂದು ಒಳಜೇಬು ಇಟ್ಟವಳು.
ನಮ್ಮ ನಕ್ಷೆಯಲ್ಲಿ ಅದಿರಲಿಲ್ಲ.
ಹೊತ್ತಾಗುತ್ತೆ, ಬಿಡು ಅಂದೆ.
"ನನ್ನ ಚೀಲಕ್ಕ ಇರಲಿಲ್ಲ,
ಎರಡು ರೂಪಾಯಿ ಬಿದ್ದು ಹೋಗಿ
ಸಾಲಿಂದ ಮನಿತನಕ ನೆಲ ನೋಡಿಕೊಂತ ಬಂದಿದ್ದೆ"
ಅಂದು ದಾರ ಹಲ್ಲಿಂದ ಕಡಿದಳು.

ಏಳನೇ ದಿನ ನೂರಾ ಹದಿನೇಳು.
ಸರ್ ಫೋಟೋಕ್ಕೆ ಅಷ್ಟು ಸಾಕಂದರು.

ಆ ರಾತ್ರಿ ವರದಿ ನನ್ನ ಪಾಲಿಗೆ ಬಂತು.
ಎಡಕ್ಕೆ ಸ್ವಯಂಸೇವಕರು,
ಬಲಕ್ಕೆ ಫಲಾನುಭವಿಗಳು.
ಎರ್ರಿಸ್ವಾಮಿಯ ಹೆಸರು ಹಿಡಿದುಕೊಂಡು
ನಡುವಿನ ಗೆರೆಯ ಮೇಲೆ ನಿಂತೆ.
"ಕೊನೆಗೆ ಸ್ಥಳೀಯ ಸಹಕಾರ ಅಂತ ಒಂದು ಸಾಲು ಬರಿ,
ಮುಗೀತು" ಅಂದರು ಸರ್.
ಇಲ್ಲಿ ದಪ್ಪ ಇತ್ತು.
ದಬ್ಬಲಿಲ್ಲ.
ಎಡದ ಕಾಲಮ್ಮಿನಲ್ಲಿ, ನಮ್ಮ ಹೆಸರುಗಳ ಬೆನ್ನಿಗೇ,
ಒಂದೊಂದಾಗಿ ಕೈಲೆ ತಿರುವುತ್ತ ಬರೆದೆ.
ಹದಿಮೂರು ಹೆಸರು.
ನೋಂದಣಿ ಸಂಖ್ಯೆ ಇಲ್ಲವೆಂದು
ಕಚೇರಿಯಿಂದ ವರದಿ ವಾಪಸು ಬಂದಿದೆ,
ಇನ್ನೂ ನನ್ನ ಬಳಿಯೇ ಇದೆ.

ಮರುವಾರ ತಾಯಂದಿರ ತಕರಾರು:
ಬಿಳಿ ಯೂನಿಫಾರ್ಮಿನ ಬೆನ್ನೆಲ್ಲ ನೀಲಿ!
"ಉಪ್ಪು ಹಾಕಿ ಮೂರು ಸಲ ತೊಳೀರೆವ್ವ"
ಎಂದು ಮನೆಮನೆಗೆ ಹೇಳಿ ಬಂದವರು
ನಾವಲ್ಲ.

ಭಾನುವಾರ ಆ ಸಂದಿಗೆ ಒಬ್ಬಳೇ ಹೋದೆ.
ಬ್ಯಾಡ್ಜಿರಲಿಲ್ಲ.
ಬಾಗಿಲು ಅರ್ಧ ತೆಗೆದಿತ್ತು,
ಒಳಗೆ ಮೂಲೆಯ ಮಷೀನು ಓಡುತ್ತಿತ್ತು.
ಉಳಿದ ಇಪ್ಪತ್ತಮೂರರಲ್ಲಿ
ಒಂಬತ್ತು ಆಗಲೇ ಮೊಳೆಗೆ ತೂಗುತ್ತಿದ್ದವು.
ಹೊನ್ನೂರಬಿ ತಲೆ ಎತ್ತದೆ ಕೇಳಿದಳು,
"ಸೂಜಿ ತಂದೀರೇನ್ರಿ?"

ತಂದಿದ್ದೆ. ಹದಿನೆಂಟನೇ ನಂಬರಿನವು,
ಮುರಿದ ಆರಕ್ಕೆ ಹತ್ತು.